ಎಲಚಿ ಹಣ್ಣು ಹುಡುಕಿಕೊಂಡು ಕತಾರಿನ ಉತ್ತರಕ್ಕೆ

ಅಲ್ ಸದ್ದ್‌ನ ನಮ್ಮ ಫ್ಲ್ಯಾಟಿನಿಂದ ಶುಕ್ರವಾರ ಬೆಳಗ್ಗೆ ಮುಖ ಗಂಟು ಹಾಕಿಕೊಂಡೇ ಹೊರಟೆ. ಮರುದಿನ ಸಂಕ್ರಾಂತಿ. ಐದು ವರ್ಷದೊಳಗಿನ ಮಕ್ಕಳ ತಲೆಯ ಮೇಲೆ ಎಲಚಿ ಹಣ್ಣು, ಕಬ್ಬಿನ ಚೂರು, ಕಾಸು ಎರೆಯುವುದು ನಮ್ಮ ಮೈಸೂರು ಕಡೆಯ ರೂಢಿ. ಮಗಳು ಇಂಚರಾಗೆ ಇದೇ ಕೊನೆಯ ವರ್ಷ, ಹಿಂದೆ ಒಮ್ಮೆಯೂ ಎರೆದಿರಲಿಲ್ಲ. ದೋಹಾದಲ್ಲಿ ಕಬ್ಬು ಸಿಕ್ಕಿತು, ಎಲಚಿ ಮಾತ್ರ ಎಲ್ಲಿಯೂ ಇಲ್ಲ.

"ಅಷ್ಟಕ್ಕೆ ಎಂತಕ್ಕೆ ಮಂಡೆಬಿಸಿ ಮಾರಾಯ್ತಿ? ಮರವೇ ಉಂಟು, ತೋರಿಸ್ತೇನೆ," ಎಂದಿದ್ದಳು ಆಫೀಸಿನ ಗೆಳತಿ ಝೊಹರಾ. ಮಂಗಳೂರು ಕಡೆಯ ಬ್ಯಾರಿ ಮನೆತನದವಳು, ಬೆಳೆದದ್ದೆಲ್ಲ ಇಲ್ಲೇ. ನಾನೂ ಇಂಚರಾಳೂ ಟ್ಯಾಕ್ಸಿಯಲ್ಲಿ ಅವಳ ಮನೆಯಿರುವ ಅಲ್ ಹಿಲಾಲ್‌ಗೆ ಹೋಗಿ ಅವಳ ಕಾರು ಹತ್ತಿದೆವು. ಆಸ್ಟ್ರೇಲಿಯದ ಮೂಲನಿವಾಸಿಗಳ ಚಿತ್ರಪ್ರದರ್ಶನವೊಂದನ್ನು ದಾರಿಯಲ್ಲಿ ನೋಡಬೇಕೆಂಬುದು ಅವಳ ಷರತ್ತು.

ಪ್ರವೇಶ ಉಚಿತ. ಒಂದು ಗೋಡೆಯ ತುಂಬ ಕೆಮ್ಮಣ್ಣಿನ ಬಣ್ಣದ ಮೇಲೆ ಸಾವಿರಾರು ಚುಕ್ಕಿಗಳು. ನಾನು ದೊಡ್ಡ ಪಂಡಿತೆಯಂತೆ, "ನೋಡು ಪುಟ್ಟಿ, ಚುಕ್ಕಿ ರಂಗೋಲಿ. ಎಳೆ ಎಳೆಯೋದು ಇನ್ನೂ ಬಾಕಿ ಇದೆ," ಎಂದೆ. ಪಕ್ಕದಲ್ಲಿ ಕುಳಿತಿದ್ದ ಮುದುಕಿಯನ್ನು ಮಗಳು ಇಂಗ್ಲಿಷಿನಲ್ಲಿ, ಚುಕ್ಕಿಗಳನ್ನು ಯಾವಾಗ ಸೇರಿಸುತ್ತೀರಿ ಎಂದು ಕೇಳಿಯೇಬಿಟ್ಟಳು. ಚಿತ್ರ ಬರೆದವರು ಅವರೇ! ನನಗೆ ನೆಲ ಬಿರಿಯಬಾರದೇ ಎನಿಸಿತು.

ಅವರು ನಕ್ಕರು. ಇದು ಮೇಲಿನಿಂದ ಕಂಡ ಮರ, ಚುಕ್ಕಿಗಳು ಉದುರಿದ ಹಣ್ಣು ಎಂದರು. ಸುತ್ತಲಿನ ಲಾಳದಾಕಾರದ ಗುರುತುಗಳು ಮರಳಿನಲ್ಲಿ ಕುಳಿತು ಹಣ್ಣು ಆಯುವ ಹೆಂಗಸರಂತೆ. ದೊಡ್ಡದು ಅವರ ಅಮ್ಮ, ಚಿಕ್ಕದು ಬಾಲ್ಯದ ಅವರು. ಝೊಹರಾ ಆ ಚಿತ್ರದ ಮುಂದಿನಿಂದ ಕದಲಲೇ ಇಲ್ಲ. ಅವಳ ಕಣ್ಣು ತುಂಬಿತ್ತು.

ಅಲ್ಲಿಂದ ಉತ್ತರಕ್ಕೆ ಸುಮಾರು ಒಂದು ಗಂಟೆಯ ದಾರಿ. ನಡುವೆ ಕರಕ್ ಚಹಾ, ಪರೋಟ. ತಣ್ಣನೆಯ ಗಾಳಿ ಜೋರಾಗಿತ್ತು. ಮಳೆನೀರು ನಿಲ್ಲುವ ತಗ್ಗಿನಲ್ಲಿ ಒಂದು ಮುಳ್ಳುಮರ. ಇಲ್ಲಿಯವರು ಅದನ್ನು ಸಿದ್ರ್ ಎನ್ನುತ್ತಾರೆ. ನಮ್ಮ ಎಲಚಿಯದೇ ಬಳಗ. ಹಣ್ಣು ನಮ್ಮದಕ್ಕಿಂತ ಚಿಕ್ಕದು, ಇನ್ನೂ ಅರ್ಧಕ್ಕರ್ಧ ಹಸಿರು.

ಕೊಂಬೆಗೆ ಕೈ ಹಾಕಹೋದ ಇಂಚರಾಳನ್ನು ಝೊಹರಾ ತಡೆದಳು. "ಬಿದ್ದದ್ದು ನಮ್ಗೆ, ಮೇಲಿನದ್ದು ಹಕ್ಕಿಗೆ. ನನ್ನ ಉಮ್ಮ ಹಾಗೇ ಹೇಳ್ತಿದ್ರು. ಇಲ್ಲೇ ಕೂತು ನಾವಿಬ್ರೂ ಹಣ್ಣು ಆಯ್ತಿದ್ದದ್ದು, ಗೊತ್ತುಂಟಾ?"

ಮೂವರೂ ಆಯ್ದೆವು. ಚೀಲ ತುಂಬುತ್ತಾ ಬಂದಾಗ ಝೊಹರಾ ಉದುರಿದ ಎಲೆಯೊಂದನ್ನು ಕೈಯಲ್ಲಿ ಉಜ್ಜಿದಳು. "ಹೋದ ವರ್ಷ ಉಮ್ಮನ ಮಯ್ಯತ್ ತೊಳೆಯುವ ನೀರಿಗೆ ಇದೇ ಎಲೆ ಹಾಕಿದ್ದು. ನಮ್ಮಲ್ಲಿ ಹಾಗೆ."

ನನ್ನ ಕೈ ನಿಂತಿತು. ಹೆಣಕ್ಕೆ ಬಳಸುವ ಮರದ ಹಣ್ಣನ್ನು ಮಗುವಿನ ನೆತ್ತಿಗೆ ಎರೆಯುವುದೇ? ಹಾಗೆ ಯೋಚಿಸಿದ್ದಕ್ಕೆ ನಾಚಿಕೆಯಾಯಿತು, ಆದರೆ ಹೆದರಿಕೆ ಸುಳ್ಳಾಗಿರಲಿಲ್ಲ. ಝೊಹರಾಗೆ ನನ್ನ ಮುಖ ನೋಡಿಯೇ ತಿಳಿಯಿತು.

"ಬೇಡದಿದ್ರೆ ಬಿಡು. ನಂಗೆ ಬೇಜಾರಿಲ್ಲ," ಎಂದಳು. ಬೇಜಾರಾಗಿತ್ತು.

ಅಷ್ಟರಲ್ಲಿ ಇಂಚರಾ ಮಣ್ಣಿನಲ್ಲಿ ಬೆರಳಾಡಿಸಿ ಎರಡು ಲಾಳ ಬರೆದಿದ್ದಳು. "ಇದು ಉಮ್ಮ, ಇದು ಸ್ಮಾಲ್ ಝೊಹರಾ ಆಂಟಿ." ಸುತ್ತ ಒಂದೊಂದೇ ಹಣ್ಣು ಇಟ್ಟು, ಕೊನೆಯದನ್ನು ಬಾಯಿಗೆ ಹಾಕಿಕೊಂಡಳು. ಝೊಹರಾ ಅಲ್ಲೇ ಕುಳಿತು ಅತ್ತಳು. ನಾನೂ ಅವಳ ಪಕ್ಕ ಕುಳಿತೆ. ಈ ಮರ ಸತ್ತವರಿಗೆ ಎಲೆ ಕೊಟ್ಟದ್ದಷ್ಟೇ ಅಲ್ಲ, ನನ್ನ ಪಕ್ಕ ಕೂತ ಇವಳನ್ನು ಹಣ್ಣು ಕೊಟ್ಟು ಸಾಕಿಯೂ ಇದೆ ಎಂಬುದು ಆಗ ಮನಸ್ಸಿಗೆ ಹೊಕ್ಕಿತು.

"ನಾಳೆ ನಮ್ಮನೆಗೆ ಬಾ ಕಣೇ. ನೀನೇ ಎರಿ," ಎಂದೆ.

ಮರುದಿನ ಅಲ್ ಸದ್ದ್‌ನಲ್ಲಿ ಇಂಚರಾಳನ್ನು ಮಣೆಯ ಮೇಲೆ ಕೂರಿಸಿದೆ. ಝೊಹರಾ ಹಣ್ಣಿನ ಸೇರು ಹಿಡಿದು ತಬ್ಬಿಬ್ಬಾಗಿ ನಿಂತಳು. "ಎರೆಯುವಾಗ ಎಂತ ಹೇಳ್ಬೇಕು?"

"ನಿಮ್ಮ ಉಮ್ಮ ಹೇಳ್ತಿದ್ದದ್ದು."

ಅವಳು ಸೇರು ಬಗ್ಗಿಸಿದಳು. "ಬಿದ್ದದ್ದು ನಮ್ಗೆ..." ಎಂದವಳಿಗೆ ಮುಂದೆ ಮಾತು ಹೊರಡಲಿಲ್ಲ. ತಲೆಯಿಂದ ಹಣ್ಣು ಉರುಳುತ್ತಿದ್ದಂತೆ ಇಂಚರಾಳೇ ಮುಗಿಸಿದಳು: "ಮೇಲಿನದ್ದು ಹಕ್ಕಿಗೆ."