ವೈರ್ ಕೀಳ್ರಿ ಅನ್ನುವ ಬಾಳೇಶ

ತನ್ನ ತಾಯಿಯನ್ನು ಕಾಯದ ಪ್ರೋಗ್ರಾಂ ಅನ್ನು ಊರವರ ತಾಯಂದಿರಿಗಾಗಿ ಸರಿ ಮಾಡಿಕೊಟ್ಟವನು ಮುನವಳ್ಳಿಯ ಬಾಳೇಶ. ಅದಕ್ಕೇ ಅವನ ಸುದ್ದಿ ಹೇಳಬೇಕು.

ಬಾಳೇಶನದು ಕಂಪ್ಯೂಟರ್ ರಿಪೇರಿ ಅಂಗಡಿ. ತಾಯಿ ಮಾಯವ್ವನಿಗೆ ಉಸಿರಿನ ಬೇನೆ. ಮನೆಯಲ್ಲೇ ಆಕ್ಸಿಜನ್ ಮಷಿನ್. ಬೆರಳಿಗೆ ಹಾಕುವ ಕ್ಲಿಪ್ಪನ್ನು ಬಾಳೇಶ ವೈರಿನಿಂದ ಹಳೆಯ ಲ್ಯಾಪ್‌ಟಾಪಿಗೆ ಜೋಡಿಸಿದ. ರಕ್ತದ ಆಕ್ಸಿಜನ್ ಇಳಿದರೆ ಗಂಟೆ ಬಾರಿಸುವ ಪ್ರೋಗ್ರಾಂ ತಾನೇ ಬರೆದ.

"ಲೇ ಬಾಳ್ಯಾ, ಬಟ್ಟಿ ಒಣಹಾಕೂ ಚಿಮಟಾ ನನ್ನ ಬೆರಳಿಗೆ ಹಾಕೀಯಲ್ಲೋ. ನಾ ಏನ್ ಹಾರಿ ಹೋಗ್ತೇನನು?" ಅಂತ ಮಾಯವ್ವ ಗದರುತ್ತಿದ್ದಳು.

"ಹಾರಿದ್ರ ಗಂಟಿ ಬಾರಸ್ತೈತ್ರೀ ಅತ್ತಿ," ಅಂತ ಸೊಸೆ ರಾಣಿ ನಗುತ್ತಿದ್ದಳು.

ಒಂದು ಮಧ್ಯಾಹ್ನ ಬಾಳೇಶ ಊಟಕ್ಕೆ ಬಂದ. ಬಾಗಿಲಲ್ಲೇ ಪರದೆ ನೋಡಿದ. ತೊಂಬತ್ನಾಲ್ಕು. ಸಮಾಧಾನವಾಯಿತು.

"ಅವ್ವ ಉಂಡಳನು?"

"ಮಲಗ್ಯಾರ. ಎಬ್ಬಸಲಿಲ್ಲ. ನಂಬರ್ ಚಲೋ ಐತಿ," ಎಂದಳು ರಾಣಿ.

ಅವನು ಕುಳಿತು ರೊಟ್ಟಿ ತಿಂದ. ಕೈ ತೊಳೆದು ಹೋಗಿ ಅವ್ವನನ್ನು ಮುಟ್ಟಿದ. ತಣ್ಣಗಿದ್ದಳು. ಮಗ್ಗಲು ಬದಲಿಸುವಾಗ ಎಳೆದು ವೈರ್ ಕಳಚಿತ್ತು. ಪರದೆ ಮಾತ್ರ ಇನ್ನೂ ತೊಂಬತ್ನಾಲ್ಕೇ ತೋರಿಸುತ್ತಿತ್ತು.

ಗೊತ್ತಾಗಿದ್ದರೆ ಉಳಿಯುತ್ತಿದ್ದಳೋ ಇಲ್ಲವೋ, ಡಾಕ್ಟರಿಗೂ ಹೇಳಲಾಗಲಿಲ್ಲ. ಬಾಳೇಶ ಆ ರೊಟ್ಟಿಯ ರುಚಿ ಮರೆಯಲಿಲ್ಲ.

ಅವ್ವನ ದಿನಕರ್ಮ ಮುಗಿದ ಮೇಲೆ ಲ್ಯಾಪ್‌ಟಾಪ್ ತೆರೆದ. ಕ್ಲಿಪ್ಪಿನೊಡನೆ ಮಾತಾಡಲು ಅವನು ಸಿ ಭಾಷೆಯಲ್ಲಿ ಯಾರೋ ಬರೆದಿಟ್ಟ ಸಿದ್ಧ ಕೋಡನ್ನು, ಒಂದು ಹಳೆಯ ಲೈಬ್ರರಿಯನ್ನು, ನೇರವಾಗಿ ಬಳಸಿದ್ದ. ವೈರ್ ಕಳಚಿದ ಮೇಲೂ ಪ್ರೋಗ್ರಾಂ ಮೆಮೊರಿಯಲ್ಲಿ ಕ್ಲಿಪ್ಪಿನ ಹಳೆಯ ಜಾಗವನ್ನೇ ಓದುತ್ತ ಕುಳಿತಿತ್ತು. ಅಲ್ಲಿ ಉಳಿದದ್ದು ಅದೇ ಸಂಖ್ಯೆ.

ಅದೇ ಲೈಬ್ರರಿಗೆ ರಸ್ಟ್ ಭಾಷೆಯಲ್ಲಿ ಮೇಲ್ಹೊದಿಕೆಯಂಥ ಇನ್ನೊಂದು ಲೈಬ್ರರಿ ಇತ್ತು. ಬಿಟ್ಟುಕೊಟ್ಟ ಜಾಗವನ್ನು ಮತ್ತೆ ಮುಟ್ಟಲು ಅದು ಬಿಡುವುದಿಲ್ಲ. ಉಪಕರಣ ಹೋದರೆ ಹೋಯಿತು ಎಂದೇ ಹೇಳುತ್ತದೆ. ಬಾಳೇಶ ಅದನ್ನು ಹಿಡಿದು ಎಲ್ಲವನ್ನೂ ಹೊಸದಾಗಿ ಬರೆದ. ಅಳುತ್ತಲೇ ಬರೆದ ಅಂತ ರಾಣಿ ಹೇಳುತ್ತಾಳೆ.

ಈಗ ಬೇನೆಯವರ ಮನೆಗಳಿಗೆ ಅದನ್ನು ಹಾಕಿಕೊಡುತ್ತಾನೆ. ಮೊನ್ನೆ ಉಗರಗೋಳದ ಮುದಕಪ್ಪ ಹೆಂಡತಿಗಾಗಿ ಬಂದಿದ್ದ. ಬಾಳೇಶ ಕ್ಲಿಪ್ಪನ್ನು ಅವನ ಬೆರಳಿಗೇ ಹಾಕಿದ.

"ವೈರ್ ಕೀಳ್ರಿ ಕಾಕಾ."

"ಹಾಳಾಗೂದಿಲ್ಲನೋ?"

"ಕೀಳ್ರಿ."

ಮುದಕಪ್ಪ ಕಿತ್ತ. ಸಂಖ್ಯೆ ಮಾಯವಾಗಿ, ಪರದೆ ಕೆಂಪಾಗಿ, 'ಕ್ಲಿಪ್ ಇಲ್ಲ' ಅಂತ ಬಂತು. ಗಂಟೆ ಹೊಡೆದುಕೊಂಡಿತು.

"ಏನ್ ಒದರತೈತೋ ಇದು! ನಮ್ಮಾಕಿಗಿಂತ ಜೋರ ಐತಿ!"

ಬಾಳೇಶ ನಗಲಿಲ್ಲ. "ಒದರ್ಲಿ ಬಿಡ್ರಿ ಕಾಕಾ. ನಮ್ಮದು ಸುಮ್ಮನ ಕುಂತಿತ್ತು."

ಮುನವಳ್ಳಿ ಕಡೆ ಹೋದರೆ ಬಾಳೇಶನ ಅಂಗಡಿಗೆ ಹೋಗಿ ಬನ್ನಿ. ನಿಮ್ಮ ಕೈಗೂ ವೈರ್ ಕೊಟ್ಟು ಕೀಳಲು ಹೇಳುತ್ತಾನೆ. ಕೀಳಿ. ಗಂಟೆ ಹೊಡೆಯುವ ತನಕ ಅವನ ಪಕ್ಕದಲ್ಲಿ ನಿಲ್ಲಿ.