ಬಿಸಿಲಿನಲ್ಲಿ ಅನ್ನ ಮಾಡಿಸಿದ ಅಕ್ಕೋರು

ಪಾಠ ಹೇಳುತ್ತ ಹೇಳುತ್ತ ನಮ್ಮ ವಿಜ್ಞಾನದ ಅಕ್ಕೋರು ನಡುವೆಯೇ ನಿಂತುಬಿಡುತ್ತಿದ್ದರು. ಎಡಗೈ ಎದೆಯ ಮೇಲೆ, 'ತಡೀರಿ' ಎಂಬಂತೆ ಮೇಲೆತ್ತಿದ ಬಲಗೈಯ ಒಂದು ಬೆರಳು, ತುಟಿ ನೀಲಿಗಟ್ಟಿರುತ್ತಿತ್ತು. ನಾವು ಗದ್ದಲ ಮಾಡದೆ ಕಾಯುತ್ತಿದ್ದೆವು. ಉಸಿರು ತಿರುಗಿದ ಮೇಲೆ ಅರ್ಧಕ್ಕೆ ಬಿಟ್ಟ ಮಾತಿನಿಂದಲೇ ಮುಂದುವರಿಯುತ್ತಿದ್ದರು.

ಹತ್ತಿಕುಣಿಯ ನಮ್ಮ ಶಾಲೆಗೆ ಅವರು ಯಾದಗಿರಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಒಂದು ಬೇಸಿಗೆಯ ಮುಂಜಾನೆ ರಟ್ಟಿನ ಪೆಟ್ಟಿಗೆ, ಗಾಜಿನ ತುಂಡು, ಕಪ್ಪು ಬಣ್ಣ ಬಳಿದ ಡಬ್ಬಿ ಹೊತ್ತು ಇಳಿದರು. ಪೆಟ್ಟಿಗೆಯ ಮುಚ್ಚಳದ ಒಳಮೈಗೆ ನಮ್ಮ ಕೈಯಿಂದ ಬೆಳ್ಳಿಬಣ್ಣದ ಕಾಗದ ಅಂಟಿಸಿದರು. ಡಬ್ಬಿಗೆ ಅಕ್ಕಿ, ನೀರು ಹಾಕಿ ಪೆಟ್ಟಿಗೆಯೊಳಗಿಟ್ಟು, ಮೇಲೆ ಗಾಜು ಮುಚ್ಚಿ, ಮುಚ್ಚಳವನ್ನು ಬಿಸಿಲಿಗೆ ಎತ್ತಿ ನಿಲ್ಲಿಸಿ, ಅಂಗಳದ ನಟ್ಟನಡುವೆ ಇರಿಸಿದರು.

"ಒಲಿ ಇಲ್ಲ, ಬೆಂಕಿ ಇಲ್ಲ, ಹ್ಯಾಂಗ ಕುದೀತದ್ರಿ ಅಕ್ಕೋರ?" ಎಂದೆ.

"ದಿನಾ ಬಿಸಲಿಗಿ ಬೈತೀಯಲ್ಲ, ಇವತ್ತ ಅದಕ್ಕ ಕೆಲಸ ಹಚ್ಚೀವಿ. ತಡಿ ಸ್ವಲ್ಪ."

ಮಧ್ಯಾಹ್ನ ಗಾಜು ಸರಿಸಿದಾಗ ಹಬೆ ಎದ್ದಿತು. ಎಲ್ಲರಿಗೂ ಒಂದೊಂದು ತುತ್ತು ಬಂತು. ನನ್ನ ತುತ್ತನ್ನು ಎಲೆಯಲ್ಲಿ ಕಟ್ಟಿಕೊಂಡು ಮನೆಗೆ ಓಡಿದೆ. ಅವ್ವ ಒಲೆಯ ಮುಂದೆ ಹತ್ತಿಕಟ್ಟಿಗೆ ತುರುಕುತ್ತ ಕಣ್ಣೊರೆಸಿಕೊಳ್ಳುತ್ತಿದ್ದಳು. ಅನ್ನವನ್ನು ಬೆರಳಲ್ಲಿ ಹಿಸುಕಿ ನೋಡಿ, "ಬಿಸಲಾಗ ಇಷ್ಟ ಮೆತ್ತಗ ಆಗ್ತದಂದ್ರ ನಾ ಯಾಕ ಹೊಗಿ ನುಂಗಾಕತ್ತೇನಿ?" ಎಂದಳು. ಅವ್ವನ ಮಾತನ್ನು ಮರುದಿನ ಅಕ್ಕೋರಿಗೆ ಹೇಳಿದೆ. ಅವರು ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ.

ಮುಂದಿನ ವಾರ ನಮ್ಮನ್ನು ರಾಮಸಮುದ್ರದ ರೈತರೊಬ್ಬರ ಮನೆಗೆ, ಸಗಣಿ ಗ್ಯಾಸು ನೋಡಲು ಕರೆದೊಯ್ದರು. ಆ ಗ್ಯಾಸಿನಲ್ಲಿ ಕಾಸಿದ ಚಹಾ ಕೊಟ್ಟರೆ ನಾವೆಲ್ಲ ಮೂಗು ಮುಚ್ಚಿಕೊಂಡೆವು. "ಎಮ್ಮಿ ಹಾಲು ಬೇಕು, ಅದರ ಸಗಣಿ ಉರಿ ಬ್ಯಾಡೇನು?" ಎಂದು ಅಕ್ಕೋರು ಗದರಿಸಿ ತಾವೇ ಮೊದಲು ಕುಡಿದರು. ಆಮೇಲೆ ಆ ಅಡುಗೆಮನೆಯ ಗೋಡೆಗೆ ಅಂಗೈ ಒತ್ತಿ ತಿರುಗಿಸಿ ನೋಡಿಕೊಂಡರು. ಮಸಿ ಹತ್ತಿರಲಿಲ್ಲ. ಅವರ ಕಣ್ಣು ತುಂಬಿಬಂದವು.

"ನಮ್ಮವ್ವ ಕೆಮ್ಮಿ ಕೆಮ್ಮಿ ಸತ್ತಳು. ಅಕಿ ಹೋದ ಮ್ಯಾಲ ನಾನೇ ಒಲಿ ಊದ್ತಿದ್ದೆ. ಆ ಹೊಗಿನೇ ನನ್ನ ಎದಿ ತಿಂದದ ಅಂತಾರ ಡಾಕ್ಟರು. ನಿಮಗ ಹಂಗ ಆಗಬಾರದ್ರವ್ವ."

ವರ್ಷಗಳು ಕಳೆದವು. ನಾನು ಶಹಾಪುರದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸತೊಡಗಿದೆ. ನಿವೃತ್ತರಾದ ಅಕ್ಕೋರು ತಂಗಿಯೊಂದಿಗೆ ಯಾದಗಿರಿಯಲ್ಲೇ ಇದ್ದರು. ಕಳೆದ ಬೇಸಿಗೆಯಲ್ಲಿ ಆ ತಂಗಿ ಫೋನು ಮಾಡಿ ಅತ್ತರು. ಅಕ್ಕೋರಿಗೆ ಈಗ ಆಕ್ಸಿಜನ್ ಯಂತ್ರವಿಲ್ಲದೆ ಉಸಿರಿಲ್ಲ. ಕರೆಂಟು ಹೋದಾಗಲೆಲ್ಲ ಯಂತ್ರ ನಿಲ್ಲುತ್ತದೆ.

ನಮ್ಮ ಜೊತೆ ಓದಿದವನೊಬ್ಬ ಸುರಪುರದಲ್ಲಿದ್ದಾನೆ. ಹೊಲಗಳಿಗೆ ಸೋಲಾರ್ ಪಂಪು ಕೂಡಿಸುವುದು ಅವನ ಕೆಲಸ. ನಾನು ಸುದ್ದಿ ತಿಳಿಸಿದ್ದೇ ತಡ, ಸೋಲಾರ್ ಫಲಕ, ಬ್ಯಾಟರಿಗಳನ್ನು ಗಾಡಿಗೆ ಹೇರಿಕೊಂಡು ಅಕ್ಕೋರ ಮನೆಗೆ ಬಂದ; ನಾನೂ ಹೋದೆ. ಅವನು ಮಾಳಿಗೆಯ ಮೇಲೆ ಕೆಲಸ ಮಾಡುತ್ತಿದ್ದರೆ ಅಕ್ಕೋರು ಮಂಚದ ಮೇಲಿಂದಲೇ ನನ್ನನ್ನು ಅಟ್ಟಿದರು: "ಫಲಕದ ಮುಖ ದಕ್ಷಿಣಕ್ಕ ಮಾಡ್ಯಾನೇನು, ನೋಡಿ ಬಾ."

"ಮಾಡ್ಯಾನ್ರಿ ಅಕ್ಕೋರ."

"ಶಾಣ್ಯಾ ಆಗ್ಯಾನ."

ಆ ಸಂಜೆ ಓಣಿಯಲ್ಲಿ ಕರೆಂಟು ಹೋಯಿತು. ಯಂತ್ರ ನಿಲ್ಲಲಿಲ್ಲ. ಅಕ್ಕೋರು ನನ್ನ ಕೈ ಹಿಡಿದುಕೊಂಡು ಅದರ ಸದ್ದು ಕೇಳುತ್ತ ಮಲಗಿದ್ದರು. ಇನ್ನು ಭಯವಿಲ್ಲವೆಂದು ನಾನು ನಂಬಿದೆ, ಅವನೂ ನಂಬಿದ. ಅವರು ನಂಬಿರಲಿಲ್ಲವೇನೋ. ನಾನು ಹೊರಡುವಾಗ ಹೇಳಿದರು: "ನಂದು ಮುಗಿದ ಮ್ಯಾಲ ಈ ಸಾಮಾನು ಇಲ್ಲೇ ಬಿಡಬ್ಯಾಡ್ರಿ. ನಿನ್ನ ಸಾಲಿಗೆ ಒಯ್ಯಿ. ಹುಡುಗರು ಕೈಯಾಗ ಹಿಡಿದು ನೋಡ್ಲಿ."

ಮಳೆಗಾಲಕ್ಕೆ ಮುಂಚೆ, ಒಂದು ಮಧ್ಯಾಹ್ನ ಅವರು ಹೋದರು. ನಾನು ತಲುಪುವಷ್ಟರಲ್ಲಿ ಮುಖದ ಆಕ್ಸಿಜನ್ ನಳಿಕೆ ತೆಗೆದಿದ್ದರು. ಮೂಲೆಯಲ್ಲಿ ಯಂತ್ರ ಇನ್ನೂ ನಡೆಯುತ್ತಿತ್ತು, ಒಂದಿಷ್ಟೂ ತಡವರಿಸದೆ. ಅವರ ತಂಗಿ ಗೋಡೆಗೊರಗಿ ಕುಳಿತಿದ್ದರು.

"ಬಂದ್ ಮಾಡವ್ವ," ಎಂದರು. "ನನಗ ಕೈ ಬರವಲ್ದು."

ನನಗೂ ಬರಲಿಲ್ಲ. ತಂಗಿಯ ಪಕ್ಕದಲ್ಲಿ ಕುಳಿತೆ. ಹೊರಗೆ ಕೆಂಡದಂಥ ಬಿಸಿಲಿತ್ತು. ಅದು ಇಳಿಯುವವರೆಗೂ ಯಾರೂ ಎದ್ದು ಯಂತ್ರವನ್ನು ಆರಿಸಲಿಲ್ಲ.