ಸೋಮವಾರದ ಫುಲ್ ಬಾಡಿ

ಕಂಪಲಾಪುರದ ಗೊಬ್ಬರದಂಗಡಿ ಸಿದ್ದರಾಜುವನ್ನು ನೀವು ನೋಡಿಲ್ಲದಿದ್ದರೂ ಅವನ ಹೊಟ್ಟೆಯನ್ನು ನೋಡಿರುತ್ತೀರಿ. ಅದು ಅವನಿಗಿಂತ ಒಂದು ಗಳಿಗೆ ಮುಂಚೆಯೇ ಬಾಗಿಲಿಗೆ ಬಂದು ಗಿರಾಕಿಯನ್ನು ಎದುರುಗೊಳ್ಳುತ್ತದೆ. ಆಳು ಒಳ್ಳೆಯವನು. ಯೂರಿಯಾ ಮೂಟೆಯನ್ನು ಹೇಗೆ ಎತ್ತಬೇಕು, ಬೆನ್ನು ಹೇಗಿರಬೇಕು ಎಂದು ಅವನಷ್ಟು ಚೆನ್ನಾಗಿ ಹೇಳಿಕೊಡುವ ಅಂಗಡಿಯವನು ಪಿರಿಯಾಪಟ್ಟಣ ತಾಲ್ಲೂಕಿನಲ್ಲೇ ಇಲ್ಲ. ಎತ್ತುವುದು ಮಾತ್ರ ಗಿರಾಕಿಯೇ.

ಇಂಥವನಿಗೆ ಕಾರ್ತಿಕ ಸೋಮವಾರ ನಂದಿಕಂಬ ಹೊರುವ ಸರದಿ ಬಂತು. ಎರಡಾಳೆತ್ತರದ ಕಂಬ, ಮೈತುಂಬ ಹಿತ್ತಾಳೆ ತಗಡು, ಗೆಜ್ಜೆ. ಬುಡವನ್ನು ಸೊಂಟಪಟ್ಟಿಯಲ್ಲಿ ಊರಿಕೊಂಡು ಕರಡೆಯ ಬಡಿತಕ್ಕೆ ಹೆಜ್ಜೆ ಹಾಕುತ್ತ ಊರು ಸುತ್ತಬೇಕು. ತಾತ ಹೊತ್ತಿದ್ದ, ಅಪ್ಪ ಪುಟ್ಟಮಲ್ಲಪ್ಪ ಹೊತ್ತಿದ್ದ. ಈಗ ಪುಟ್ಟಮಲ್ಲಪ್ಪನ ಮಂಡಿ ಕೈಕೊಟ್ಟಿತ್ತು. ಮಗನ ಕೈಲಾಗದಿದ್ದರೆ ಹಕ್ಕು ದೊಡ್ಡಪ್ಪನ ಮಗ ಸ್ವಾಮಿಯ ಮನೆಗೆ ಹೋಗುತ್ತದೆ. ಒಮ್ಮೆ ಹೋದದ್ದು ತಿರುಗಿ ಬರುವುದಿಲ್ಲ. ಸ್ವಾಮಿ ಆಗಲೇ ಹೊಸ ಪಂಚೆ ತಂದಿಟ್ಟುಕೊಂಡಿದ್ದನಂತೆ, ಯಾತಕ್ಕೂ ಇರಲಿ ಎಂದು.

ಬೇರೆ ಯಾರಾದರೂ ಆಗಿದ್ದರೆ ಅಂಗಡಿಯ ಮೂಟೆಗಳನ್ನೇ ಎತ್ತಿಳಿಸಿ ಮೈ ಹುರಿ ಮಾಡಿಕೊಳ್ಳುತ್ತಿದ್ದರು. ಸಿದ್ದರಾಜು ಯೋಜನೆ ಮಾಡಿದ. ಗೌರಿಹಬ್ಬದಿಂದ ದಸರೆವರೆಗೆ ಮೊಬೈಲಿನಲ್ಲಿ ಕಟ್ಟುಮಸ್ತಾದ ಗಂಡಸರನ್ನು ನೋಡಿದ. ನೋಡುವಾಗ ಬಾಯಾಡಿಸಲು ಕೋಡುಬಳೆ ಇಟ್ಟುಕೊಂಡಿದ್ದರಿಂದ ಯೋಜನೆ ಮುಗಿಯುವ ಹೊತ್ತಿಗೆ ಸೊಂಟದ ಸುತ್ತಳತೆ ಇನ್ನಷ್ಟು ಏರಿತ್ತು. ಕೊನೆಗೆ ಹುಣಸೂರಿನ ಜಿಮ್ಮಿಗೆ ಹೋಗಿ, ಅಲ್ಲಿ ಕಲಿಸುವ ತೇಜಸ್ ಎಂಬ ಹುಡುಗನ ಮುಂದೆ ತಾನು ಕಲಿತದ್ದನ್ನೆಲ್ಲ ಒಪ್ಪಿಸಿದ.

ತೇಜಸ್ ತಾಳ್ಮೆಯಿಂದ ಕೇಳಿ, "ಅಣ್ಣ, ನೋಡಿದ್ದು ಸಾಕು. ವಾರಕ್ಕೆ ಮೂರು ದಿನ ಬನ್ನಿ. ಬಂದ ದಿನ ಇಡೀ ಮೈಗೂ ಕೆಲಸ. ಕೂತು ಏಳೋದು, ನೆಲದಿಂದ ಎತ್ತೋದು, ತಲೆ ಮೇಲಕ್ಕೆ ತಳ್ಳೋದು, ಎದೆಗೆ ಎಳ್ಕೊಳ್ಳೋದು. ಮಧ್ಯೆ ಒಂದೊಂದು ದಿನ ರೆಸ್ಟು. ತೂಕ ನಿಧಾನಕ್ಕೆ ಏರಿಸೋಣ. ಕೊನೇಲಿ ದಮ್ಮು ಜಾಸ್ತಿ ಆಗೋಕೆ ಹಗ್ಗ ಹಾರಿ. ಇದಕ್ಕೆ ಫುಲ್ ಬಾಡಿ ಅಂತಾರೆ" ಎಂದ.

ಸಿದ್ದರಾಜು ಮನೆಯಲ್ಲಿ ಬಾಯಿ ಬಿಡಲಿಲ್ಲ. ಅವ್ವ ಮಂಗಳಗೌರಿಗೆ ತಿಳಿದರೆ ನಗುತ್ತಾಳೆ, ಅಪ್ಪನಿಗೆ ತಿಳಿದರೆ ನಗುವುದೂ ಇಲ್ಲ. ಅಂಗಡಿ ಮುಂದೆ ನಿಂತು, ಮಡಿಕೇರಿ ಬಸ್ಸಿನ ಸದ್ದಿನ ಮೇಲೆ ಕೂಗಿ ಕೂಗಿ ಫೋನಿನಲ್ಲೇ ದಿನ ಗೊತ್ತು ಮಾಡಿಕೊಂಡ.

"ಸೋಮವಾರ, ಬುಧವಾರ, ಶುಕ್ರವಾರ ಮೂರು ದಿನಾನೂ ಫುಲ್ ಬಾಡಿ ಇರ್ಲಿ ಕಣೋ ತೇಜಸ್. ಲೆಗ್ಗು ಒಂದಿನ, ಚೆಸ್ಟು ಒಂದಿನ ಅಂತ ಬಿಡಿಬಿಡಿಯಾಗಿ ಬ್ಯಾಡ. ಎಲ್ಲಾ ಒಟ್ಗೇ ಮುಗಿಸ್ಬುಡಾನ. ನಮ್ಮನೇಲಿ ಗೊತ್ತಾಗ್ಬಾರ್ದು, ಅಷ್ಟೇಯ."

ಬೇವಿನ ಹಿಂಡಿಗೆಂದು ಬಂದ ಪಕ್ಕದ ಮನೆ ಕುಳ್ಳಮ್ಮ ಹಿಂಡಿ ಮರೆತು ಅಲ್ಲಿಂದಲೇ ವಾಪಸಾದಳು. ನಮ್ಮ ಸೀಮೆಯಲ್ಲಿ ಬಾಡು ಎಂದರೆ ಮಾಂಸ. ಬಾಡಿಗೂ ಬಾಡಿಗೂ ಕುಳ್ಳಮ್ಮನ ಕಿವಿಯಲ್ಲಿ ವ್ಯತ್ಯಾಸವಿರಲಿಲ್ಲ. ಲೆಗ್ಗೆಂದರೇನು, ಚೆಸ್ಟೆಂದರೇನು ಎಂಬುದನ್ನು ಕೋಳಿ ಅಂಗಡಿ ಬೋರ್ಡು ಓದಿದ ಮೊಮ್ಮಗಳು ಬಿಡಿಸಿ ಹೇಳಿದಳು.

"ಲಿಂಗ ಕಟ್ಟಿದ ಮೈ ಕಣವ್ವ, ಕಂಬ ಹೊರೋ ಮನೆ," ಎಂದು ಕುಳ್ಳಮ್ಮ ಹಾಲಿನ ಡೈರಿಯಲ್ಲಿ ಸಂಕಟಪಟ್ಟಳು. "ಅದೂ ಸ್ವಾಮಾರ."

ಡೈರಿಯಲ್ಲಿ ಬರೀ ಬಾಡಾಗಿದ್ದದ್ದು ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಬಿರಿಯಾನಿಯಾಗಿತ್ತು. ಸಾಕ್ಷಿಗೇನು ಕಡಿಮೆ? ಹುಣಸೂರಿನಿಂದ ಬಂದವನು ಬೆವರುತ್ತ, ನರಳುತ್ತ, ಗೋಡೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದ. ಮನೆಯಲ್ಲಿ ತಟ್ಟೆ ಮುಂದೆ ಕೂತು "ಅನ್ನ ಬ್ಯಾಡ ಕಣವ್ವ" ಎನ್ನುತ್ತಿದ್ದ. ಹೊಟ್ಟೆ ತುಂಬಿರದಿದ್ದರೆ ಅನ್ನ ಬೇಡವೆನ್ನುವ ಪ್ರಾಣಿಯಲ್ಲ ಅವನು ಎಂಬುದಕ್ಕೆ ಊರೇ ಸಾಕ್ಷಿ.

ಕಾರ್ತಿಕ ಹುಟ್ಟುತ್ತಲೇ ಊರ ಯಜಮಾನರು ಅವನನ್ನು ಮಠದ ಜಗಲಿಗೆ ಕರೆಸಿದರು. ಸಿದ್ದರಾಜು ನಿಜ ಹೇಳಿದ. ಸುಳ್ಳಿಗಿಂತ ಅದನ್ನು ನಂಬುವುದು ಕಷ್ಟವಾಯಿತು.

"ಅಲ್ಲೋಗಿ ಏನ್ಲಾ ಮಾಡ್ತೀಯೆ?" ಎಂದರು ಯಜಮಾನರು.

"ಕೂತ್ಕಂಡು ಏಳ್ತೀನಿ ಬುದ್ಧಿ."

"ಅಷ್ಟುಕ್ಕೆ ಹುಣಸೂರ್ಗಂಟ ಹೋಗ್ಬೇಕಾ? ಇಲ್ಲಿ ಕೂರಕ್ಕೆ ಜಾಗ ಇರ್ನಿಲ್ವಾ?"

"ಭಾರ ಹೊತ್ಕಂಡು ಕೂತು ಏಳೋದು ಬುದ್ಧಿ."

"ಅಂಗಾರೆ ಮಾಡಿ ತೋರ್ಸು," ಎಂದ ಸ್ವಾಮಿ, ಪಂಚೆ ನೇರ ಮಾಡಿಕೊಳ್ಳುತ್ತ.

ಸಿದ್ದರಾಜುವಿನ ಅಂಗಡಿಯದೇ ಮೂಟೆ ಬಂತು. ಅದನ್ನು ಹೆಗಲಿಗೇರಿಸಿಕೊಂಡು, ಉಸಿರು ಬಿಗಿಹಿಡಿದು, ಯೋಜನೆಯಲ್ಲಿದ್ದಂತೆಯೇ ಬೆನ್ನು ನೆಟ್ಟಗಿಟ್ಟು ಕೂತ. ಕೂತದ್ದು ಬಹಳ ಚೆನ್ನಾಗಿತ್ತು. ಏಳುವಾಗ ತೊಡೆ ನಡುಗಿ, ಮುಖ ಬದನೆಕಾಯಿಯಾಗಿ, ಅರ್ಧದಲ್ಲಿ ನಿಂತು, ಹೇಗೋ ಎದ್ದು ನಿಂತ.

ಯಜಮಾನರು ನಿಟ್ಟುಸಿರು ಬಿಟ್ಟರು. "ಬುಡ್ರಪ್ಪ. ಇದು ಬಾಡು ತಿಂದ ಮೈ ಅಲ್ಲ. ಅಪ್ಪಟ ಉಪ್ಸಾರಿನ ಮೈ."

ಗುಂಪು ನಕ್ಕಿತು. ಆದರೆ ಸ್ವಾಮಿ ಬಿಡುವ ಪೈಕಿಯವನಲ್ಲ. "ಸರಿ ಬುದ್ಧಿ, ತಿಂದಿಲ್ಲ. ತಿಂದಿಲ್ಲ ಅನ್ನಕ್ಕೆ ಏಳಕ್ಕಾಗ್ನಿಲ್ಲ ಅನ್ನೋದೇ ಗುರುತು ಅಂದ್ರೆ, ಕಂಬ ಎಂಗೆ ಹೊತ್ತಾನು?"

ಅಲ್ಲಿಯವರೆಗೆ ಮೂಲೆಯಲ್ಲಿ ಕೂತಿದ್ದ ಪುಟ್ಟಮಲ್ಲಪ್ಪ ಬಾಯಿ ತೆರೆದ. "ಎದ್ನಲ್ಲ."

"ನಡುಗ್ತಾ ಎದ್ದ ಚಿಕ್ಕಪ್ಪ."

"ನಾನೂ ಮೊದಲ್ನೇ ಸತಿ ನಡುಗ್ದೆ. ನಿಮ್ಮಪ್ಪ ನಗಾಡಿದ್ದ."

ಅಲ್ಲಿಗೆ ತೀರ್ಮಾನವಾಯಿತು. ಸಿದ್ದರಾಜು ಹೊರಲಿ, ಸ್ವಾಮಿ ಪಕ್ಕದಲ್ಲೇ ನಡೆಯಲಿ, ಕಂಬ ವಾಲಿದರೆ ಆ ಕ್ಷಣವೇ ಕೈ ಬದಲು, ಹಕ್ಕೂ ಬದಲು.

ಉಳಿದ ದಿನಗಳಲ್ಲಿ ಅವನು ವೀಡಿಯೋ ನೋಡಲಿಲ್ಲ. ಹುಣಸೂರಿಗೆ ಹೋದ, ಎತ್ತಿದ, ಇಳಿಸಿದ, ಬಂದು ಬಿದ್ದುಕೊಂಡ. ಸೋಮವಾರ ಎತ್ತಿಗೂ ನೊಗ ಹೂಡುವುದಿಲ್ಲ ಎಂದು ಅವ್ವ ಹಟ ಹಿಡಿದದ್ದರಿಂದ ಯೋಜನೆ ಮಂಗಳವಾರ, ಗುರುವಾರ, ಶನಿವಾರಕ್ಕೆ ಜರುಗಿತು. ತೇಜಸ್ ಮೊಟ್ಟೆ ತಿನ್ನಿ ಎಂದಲ್ಲೆಲ್ಲ ಅವಳು ಹುರುಳಿಕಾಳು ಬೇಯಿಸಿಟ್ಟಳು. ಅದರ ಫಲವನ್ನು ಬಸ್ಸಿನ ಸಹಪ್ರಯಾಣಿಕರು ಅನುಭವಿಸಿದರು.

ಕಾರ್ತಿಕದ ಕಡೇ ಸೋಮವಾರ ಕಂಬ ಎದ್ದಿತು. ಜಿಮ್ಮಿನ ಕಬ್ಬಿಣ ಇಟ್ಟಲ್ಲಿ ಇರುತ್ತದೆ, ಕಂಬ ಇರುವುದಿಲ್ಲ. ಗಾಳಿ ಬಂದರೆ ಒಂದು ಕಡೆ, ಗೆಜ್ಜೆ ಅಲುಗಿದರೆ ಇನ್ನೊಂದು ಕಡೆ. ಮೊದಲ ಬೀದಿಯಲ್ಲೇ ಸಿದ್ದರಾಜುವಿನ ಕಣ್ಣು ಮೇಲೆ ಸಿಕ್ಕಿಕೊಂಡಿತು.

"ಮೇಲೆ ನೋಡ್ಬ್ಯಾಡ ಕಣ್ಲಾ, ಕರಡೆ ಕೇಳು," ಎಂದ ಪುಟ್ಟಮಲ್ಲಪ್ಪ ಕುಂಟುತ್ತ ಹಿಂದೆ ಬಂದು.

ಕೇಳಿದ. ಸೊಂಟ ಸಡಿಲವಾಯಿತು, ಕಾಲು ಸದ್ದಿಗೆ ಬಿತ್ತು. ಬಸವಣ್ಣನ ಗುಡಿ ತಿರುವಿನಲ್ಲಿ ಕಂಬ ತೂಗಿದಾಗ ಸ್ವಾಮಿ ಕೈ ಚಾಚಿ, "ಕೊಡ್ಲಾ ಇತ್ಲಾಗೆ, ಸಾಕು" ಎಂದ. ಉಸಿರಿದ್ದಿದ್ದರೆ ಸಿದ್ದರಾಜು ಚೆನ್ನಾಗಿ ಬೈಯುತ್ತಿದ್ದ. ಇರಲಿಲ್ಲವಾದ್ದರಿಂದ ಒಲ್ಲೆನೆಂದು ತಲೆಯಾಡಿಸಿ ಮುಂದಕ್ಕೆ ಹೆಜ್ಜೆ ಇಟ್ಟ. ಕಂಬ ನೆಟ್ಟಗಾಯಿತು. ಹೋಗಬೇಕಾದಷ್ಟೂ ದೂರ ಹೋಯಿತು.

ಗುಡಿ ಮುಂದೆ ಇಳಿಸಬೇಕು ಎನ್ನುವಾಗ ಅವನು ಕಂಬವನ್ನು ತಬ್ಬಿಕೊಂಡೇ ನಿಂತಿದ್ದ. ಸ್ವಾಮಿ ಬಂದು ಒಂದೊಂದೇ ಬೆರಳು ಬಿಡಿಸತೊಡಗಿದ.

"ಬುಡ್ಲಾ, ನಿಮ್ಮನೇದೇ. ಯಾರೂ ಕಿತ್ಕಳಲ್ಲ."

"ಗೊತ್ತು ಕಣಣ್ಣ," ಎಂದ ಸಿದ್ದರಾಜು. "ಬೆರಳು ಮಾತು ಕೇಳ್ತಿಲ್ಲ. ಮೆಲ್ಲುಕ್ ಬಿಡ್ಸು."